ಆ 13 ಮಿಲಿಮೀಟರ್

ಮೂವತ್ತೈದು ವರ್ಷ ನಾನು ನೀರಿನ ಪೈಪುಗಳ ನಕ್ಷೆ ಬರೆದವನು. ಟ್ಯಾಂಕ್ ಎಲ್ಲಿ ಕೂರಬೇಕು, ಪೈಪ್ ಎಲ್ಲಿ ತಿರುಗಬೇಕು, ಕೊನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ದೋಷ ಎಲ್ಲಿ ಹುಡುಕಬೇಕು, ಇದೇ ನನ್ನ ಕಸುಬು. ನನ್ನ ಮೈಯೊಳಗೂ ಒಂದು ಟ್ಯಾಂಕ್, ಒಂದು ಪೈಪ್, ಅವೆರಡೂ ಸೇರುವ ಕಡೆ ಒಂದು ಅಡ್ಡಿ ಇದೆ ಎಂದು ತಿಳಿದಿದ್ದು 66ನೇ ವಯಸ್ಸಿನಲ್ಲಿ. ಅದರ ನಕ್ಷೆಯನ್ನು ಕಣ್ಣಾರೆ ನೋಡಿದ್ದು ಎಂಆರ್‌ಐ ಆದ ಮೇಲೆ.

ಇದನ್ನು ಬಾಯಿಬಿಟ್ಟು ಹೇಳೋಕೆ ನನಗೆ ಎರಡು ವರ್ಷ ಬೇಕಾಯಿತು. ನನ್ನ ವಯಸ್ಸಿನ ಗಂಡಸರು ಮಂಡಿನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಮೂತ್ರದ ವಿಷಯ ಬಂದರೆ ಮಾತು ಬದಲಿಸುತ್ತೇವೆ. 60 ದಾಟಿದ ಗಂಡಸರಲ್ಲಿ ಸುಮಾರು ಅರ್ಧ ಜನರ ಪ್ರಾಸ್ಟೇಟ್, ಅಂದರೆ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ, ದೊಡ್ಡದಾಗಿರುತ್ತದಂತೆ. ಅಂದರೆ ನಾಲ್ಕು ಜನ ಕೂತು ಹರಟುವಾಗ ಇಬ್ಬರಿಗೆ ಇದು ಇರಬಹುದು. ನಾಲ್ವರೂ ಸುಮ್ನೆ ಇರುತ್ತೇವೆ, ಅಲ್ವಾ?

ನನಗೆ ಮೊದಲು ಕಂಡಿದ್ದು ಕಾಯುವಿಕೆ. ಹೋಗಿ ನಿಲ್ಲುತ್ತಿದ್ದೆ, ಬರುತ್ತಿರಲಿಲ್ಲ. ಅರ್ಧ ನಿಮಿಷ, ಒಂದು ನಿಮಿಷ. ಬಂದರೂ ಸಣ್ಣ ಧಾರೆ, ನಡುವೆ ನಿಂತು ಮತ್ತೆ ಶುರು. ಮುಗಿಸಿ ಹೊರಗೆ ಬಂದರೆ ಒಳಗೆ ಇನ್ನೂ ಉಳಿದಿದೆ ಅನ್ನಿಸುತ್ತಿತ್ತು. ಆಮೇಲೆ ರಾತ್ರಿ ಏಳುವುದು ಶುರುವಾಯಿತು. ಮೊದಲು ಎರಡು ಸಲ, ಮುಂದಿನ ವರ್ಷ ನಾಲ್ಕು. ಬೆಳಿಗ್ಗೆ ನನ್ನ ಹೆಂಡತಿ ಕೇಳುತ್ತಿದ್ದಳು, "ರೀ, ರಾತ್ರಿ ಎಷ್ಟು ಸಲ ಎದ್ರಿ?" ನಾನು "ಎರಡು" ಅನ್ನುತ್ತಿದ್ದೆ. ಅವಳಿಗೆ ಎಣಿಕೆ ಗೊತ್ತಿತ್ತು. ನಾನು ಎದ್ದಾಗಲೆಲ್ಲ ಅವಳಿಗೂ ಎಚ್ಚರವಾಗುತ್ತಿತ್ತು.

ಕೊನೆಗೆ ಅವಳೇ ಕರೆದುಕೊಂಡು ಹೋದಳು. ಮೂತ್ರಕೋಶ, ಪ್ರಾಸ್ಟೇಟ್ ನೋಡುವ ಡಾಕ್ಟರ್ ಮೊದಲು ಒಂದು ಹಾಳೆ ಕೊಟ್ಟರು. ಅದರಲ್ಲಿ ಏಳು ಪ್ರಶ್ನೆ. ಕಳೆದ ಒಂದು ತಿಂಗಳಲ್ಲಿ ಪೂರ್ತಿ ಖಾಲಿಯಾಗಿಲ್ಲ ಅನ್ನಿಸಿದ್ದು ಎಷ್ಟು ಸಲ, ಧಾರೆ ಸಣ್ಣಗಾಗಿದ್ದು ಎಷ್ಟು ಸಲ, ತಿಣುಕಬೇಕಾಗಿದ್ದು ಎಷ್ಟು ಸಲ, ಹೀಗೆ. ಒಂದೊಂದಕ್ಕೂ 0ಯಿಂದ 5 ಅಂಕ, ಒಟ್ಟು 35. 7ರವರೆಗೆ ಸಣ್ಣ ತೊಂದರೆ, 8ರಿಂದ 19 ಮಧ್ಯಮ, 20 ಮತ್ತು ಮೇಲೆ ಬಂದರೆ ಜೋರು. ನನಗೆ 21 ಬಂತು.

ಏಳು ಮುಗಿದ ಮೇಲೆ ಎಂಟನೆಯದೊಂದು ಇತ್ತು. ಮುಂದಿನ ಬದುಕೆಲ್ಲ ಈಗ ಇರುವ ಹಾಗೇ ಕಳೆಯಬೇಕು ಅಂದರೆ ನಿಮಗೆ ಹೇಗನ್ನಿಸುತ್ತದೆ? ಆ ಪ್ರಶ್ನೆಯ ಮೇಲೆ ನನ್ನ ಪೆನ್ನು ನಿಂತುಬಿಟ್ಟಿತು. ಅಲ್ಲಿಯವರೆಗೆ ನಾನು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದೆ. ನಮ್ಮ ಮನೆಯಲ್ಲಿ ಯಾವ ಪ್ರಯಾಣಕ್ಕೆ ಹೊರಟರೂ ನಡುವೆ ಎಲ್ಲಿ ಶೌಚಾಲಯ ಇದೆ ಅನ್ನೋದೇ ಮೊದಲ ಮಾತಾಗಿತ್ತು. ಸಭೆಗೆ ಹೋದರೆ ಬಾಗಿಲ ಪಕ್ಕದ ಕುರ್ಚಿ ನನ್ನದು. ಇದನ್ನೆಲ್ಲ ಬದುಕು ಅಂತಲೇ ತಿಳಿದಿದ್ದೆ. ಆ ಹಾಳೆ ನನ್ನನ್ನು ಕೇಳಿದ ಹಾಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಅಲ್ಟ್ರಾಸೌಂಡ್ ಮಾಡಿದರು. ಪ್ರಾಸ್ಟೇಟ್ 48 ಮಿಲಿಲೀಟರ್ ಎಂದು ಬಂತು. ಯುವಕರಲ್ಲಿ ಅದು 20ರಿಂದ 25 ಇರುತ್ತದೆ. ಮೂತ್ರ ಮಾಡಿ ಬಂದ ಮೇಲೂ ಒಳಗೆ 110 ಮಿಲಿ ಉಳಿದಿತ್ತು. ಒಂದು ಯಂತ್ರದಲ್ಲಿ ಮೂತ್ರ ಮಾಡಿಸಿ ವೇಗ ಅಳೆದರು. ಅತಿ ಜೋರಾಗಿ ಬಂದಾಗಲೂ ಸೆಕೆಂಡಿಗೆ 8 ಮಿಲಿ. 15ರ ಮೇಲಿದ್ದರೆ ಚಿಂತೆ ಕಮ್ಮಿ, 10ಕ್ಕಿಂತ ಕೆಳಗೆ ಬಂದರೆ ಹುಡುಕಬೇಕು ಎಂದರು.

ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ಮಾತ್ರೆ ಶುರುವಾಯಿತು. ಇದು ಪ್ರಾಸ್ಟೇಟನ್ನು ಚಿಕ್ಕದು ಮಾಡುವುದಿಲ್ಲ. ಅಲ್ಲಿನ ಮತ್ತು ಮೂತ್ರಕೋಶದ ಕತ್ತಿನ ಸ್ನಾಯುವನ್ನು ಸಡಿಲ ಮಾಡುತ್ತದೆ, ಅಷ್ಟೇ. ಬಹಳ ಜನರಿಗೆ ಕೆಲವೇ ದಿನಗಳಲ್ಲಿ ಹಿತ ಸಿಗುತ್ತದೆ. ನನಗೆ ಎದ್ದು ನಿಂತಾಗ ತಲೆ ಸುತ್ತಿದ್ದು ನಿಜ, ಧಾರೆ ಮಾತ್ರ ಹಾಗೇ ಇತ್ತು. ಎಂಟು ತಿಂಗಳು ನುಂಗಿದೆ.

ನನ್ನ ಅಣ್ಣನಿಗೆ 72. ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಅವನ ಪ್ರಾಸ್ಟೇಟ್ 90 ಮಿಲಿ ಎಂದು ಬಂದಿತ್ತು. ಅವನು ರಾತ್ರಿ ಮಲಗಿದರೆ ಏಳುವುದು ಬೆಳಿಗ್ಗೆಯೇ. "ನಂದು 90, ನಿಂದು 48, ನಿನಗ್ಯಾಕೋ ಇಷ್ಟು ಕಷ್ಟ?" ಎಂದು ಕೇಳಿದ. ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತು. ಪೈಪಿನ ಕೆಲಸ ಮಾಡಿದವನಿಗೆ ಅದು ಸುಮ್ಮನೆ ಬಿಡುವ ಪ್ರಶ್ನೆಯಲ್ಲ. ಅಡ್ಡಿ ಎಷ್ಟು ದೊಡ್ಡದು ಅನ್ನೋದಕ್ಕಿಂತ ಅದು ಎಲ್ಲಿ ಕೂತಿದೆ ಅನ್ನೋದನ್ನು ನಾವು ಮೊದಲು ನೋಡುತ್ತೇವೆ. ಆದರೆ ನನ್ನ ಕೈಯಲ್ಲಿದ್ದದ್ದು ಒಂದು ಅಂಕಿ ಮಾತ್ರ. ನಕ್ಷೆ ಇರಲಿಲ್ಲ.

ನಕ್ಷೆ ಬಂದಿದ್ದು ಬೇರೆ ದಾರಿಯಿಂದ. ರಕ್ತದಲ್ಲಿ ಪಿಎಸ್‌ಎ ಎಂಬ ಅಂಶ 5.2 ಇತ್ತು. ಇದು ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್. ಕ್ಯಾನ್ಸರ್ ಇದ್ದರೂ ಏರುತ್ತದೆ, ಗ್ರಂಥಿ ದೊಡ್ಡದಾಗಿದ್ದರೂ ಏರುತ್ತದೆ, ಸೋಂಕಾದರೂ ಏರುತ್ತದೆ. ಆರು ವಾರ ಬಿಟ್ಟು ಮತ್ತೆ ನೋಡಿದಾಗ 5.4. ಡಾಕ್ಟರ್ ಎಂಆರ್‌ಐ ಬರೆದುಕೊಟ್ಟರು. ಅವರ ಮಾತು ಇನ್ನೂ ನೆನಪಿದೆ: "ಮೂತ್ರದ ತೊಂದರೆ ಇರೋರಿಗೆಲ್ಲ ನಾನು ಇದನ್ನ ಬರೆಯೋದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಸಾಕು. ನಿಮ್ಮ ಪಿಎಸ್‌ಎ ಯಾಕೆ ಏರಿದೆ ಅಂತ ನೋಡಬೇಕು. ಹಾಗೇ ಇನ್ನೊಂದನ್ನೂ ನೋಡೋಣ."

ಮೊದಲೆಲ್ಲ ಪಿಎಸ್‌ಎ ಏರಿದ ಕೂಡಲೇ ಬಯಾಪ್ಸಿಗೆ, ಅಂದರೆ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆಗೆ, ಕಳಿಸುತ್ತಿದ್ದರು. ಸೂಜಿ ಹಾಕುವ ಜಾಗ ಒಂದು ಅಂದಾಜಿನದು. 2017ರಲ್ಲಿ ಬಂದ ಪ್ರಾಮಿಸ್ ಎಂಬ ಅಧ್ಯಯನ, 2018ರಲ್ಲಿ ಬಂದ ಪ್ರಿಸಿಷನ್ ಎಂಬ ಅಧ್ಯಯನ ಈ ಕ್ರಮವನ್ನು ಬದಲಿಸಿದವು. ಮೊದಲು ಎಂಆರ್‌ಐ ನೋಡಿದರೆ ಸುಮಾರು ಕಾಲುಭಾಗ ಗಂಡಸರಿಗೆ ಬಯಾಪ್ಸಿಯನ್ನೇ ತಪ್ಪಿಸಬಹುದು ಎಂದು ಕಂಡಿತು. ಸೂಜಿ ಹಾಕಲೇಬೇಕಾದವರಿಗೂ ಎಲ್ಲಿ ಹಾಕಬೇಕು ಎಂದು ತಿಳಿಯುತ್ತದೆ. ನನಗೆ ಇದು ತುಂಬ ದೊಡ್ಡ ವಿಷಯ ಅನ್ನಿಸುತ್ತದೆ. ಹತ್ತು ವರ್ಷ ಮುಂಚೆ ಇದೇ 5.4 ಬಂದಿದ್ದರೆ ನಾನು ಹನ್ನೆರಡು ಸೂಜಿ ಚುಚ್ಚಿಸಿಕೊಂಡು ಬಂದಿರುತ್ತಿದ್ದೆ.

ಮೊದಲ ಸಲದ ಸ್ಕ್ಯಾನ್ ಕೆಟ್ಟುಹೋಯಿತು. ಅದನ್ನು ಹೇಳಲೇಬೇಕು, ಯಾಕಂದರೆ ನಿಮಗೂ ಹೀಗಾಗಬಹುದು. ಫೋನಿನಲ್ಲಿ ಯಾರೋ ನನಗೆ ಚೆನ್ನಾಗಿ ನೀರು ಕುಡಿದು, ತಡೆದುಕೊಂಡು ಬನ್ನಿ ಎಂದಿದ್ದರು. ಹೊಟ್ಟೆಯ ಅಲ್ಟ್ರಾಸೌಂಡಿಗೆ ಹಾಗೆ ಹೇಳುತ್ತಾರೆ, ಅದೇ ಮಾತು ಇಲ್ಲಿಗೂ ಬಂದಿರಬೇಕು. ಒಂದು ಲೀಟರ್ ಕುಡಿದು ಹೋದೆ. ಪ್ರಾಸ್ಟೇಟ್ ತೊಂದರೆ ಇರುವವನು ತುಂಬಿದ ಮೂತ್ರಕೋಶ ಇಟ್ಟುಕೊಂಡು ಅಲುಗಾಡದೆ 35 ನಿಮಿಷ ಮಲಗಬೇಕು. ಹದಿನೈದನೇ ನಿಮಿಷಕ್ಕೆ ಕಾಲು ನಡುಗತೊಡಗಿತು. ತಡೆಯಲಾಗದಿದ್ದರೆ ಒತ್ತಿ ಎಂದು ಕೈಗೆ ಕೊಟ್ಟಿದ್ದ ರಬ್ಬರ್ ಬುರುಡೆಯನ್ನು ಒತ್ತಿಬಿಟ್ಟೆ. ಹೊರಗೆ ಬಂದು ಓಡಿದೆ. ಚಿತ್ರಗಳೆಲ್ಲ ಮಸುಕು. ಅವತ್ತು ನನಗಾದ ಸಂಕಟ ನೋವಿಗಿಂತ ನಾಚಿಕೆಯದು.

ಎರಡನೇ ಸಲ ಹೋದಾಗ ಅಲ್ಲಿದ್ದ ಟೆಕ್ನಿಷಿಯನ್ ಹುಡುಗ ತುಂಬ ಸಮಾಧಾನದವನು. "ಸರ್, ಈಗ ಹೋಗಿ ಪೂರ್ತಿ ಖಾಲಿ ಮಾಡ್ಕೊಂಡು ಬನ್ನಿ. ಮಲವಿಸರ್ಜನೆ ಆಯ್ತಾ ಬೆಳಿಗ್ಗೆ?" ಎಂದ. ಅದಕ್ಕೂ ಕಾರಣ ಇದೆ. ಪ್ರಾಸ್ಟೇಟಿನ ಬೆನ್ನಿಗೇ ಗುದನಾಳ ಅಂಟಿಕೊಂಡಿದೆ. ಅದರೊಳಗೆ ಗಾಳಿ ತುಂಬಿದ್ದರೆ ಕೆಲವು ಚಿತ್ರಗಳು ಎಳೆದ ಹಾಗೆ ಸೊಟ್ಟಗಾಗುತ್ತವೆ. ಕರುಳು ಅಲುಗಾಡಬಾರದು ಎಂದು ಒಂದು ಚುಚ್ಚುಮದ್ದೂ ಕೊಟ್ಟರು. ಕೊಡುವ ಮೊದಲು ಕಣ್ಣಿನ ಒತ್ತಡದ ಕಾಯಿಲೆ ಇದೆಯಾ ಎಂದು ಕೇಳಿದರು.

ಪ್ರಶ್ನೆಗಳು ಇನ್ನೂ ಇದ್ದವು. ಹೃದಯದಲ್ಲಿ ಪೇಸ್‌ಮೇಕರ್ ಇದೆಯಾ, ಕಿವಿಯೊಳಗೆ ಯಂತ್ರ ಇದೆಯಾ, ಮೈಯಲ್ಲಿ ಎಲ್ಲಾದರೂ ಲೋಹ ಹೊಕ್ಕಿದೆಯಾ. ವರ್ಷಗಳ ಹಿಂದೆ ಪೈಪ್ ವೆಲ್ಡಿಂಗ್ ನೋಡಲು ಹೋದಾಗ ಕಣ್ಣಿಗೆ ಕಿಡಿ ಬಿದ್ದಿತ್ತು. ಅದನ್ನು ಹೇಳಿದ್ದೇ ತಡ, ಅವರು ಕಣ್ಣಿನ ಎಕ್ಸ್‌ರೇ ತೆಗೆದು, ಲೋಹದ ಚೂರು ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಒಳಗೆ ಬಿಟ್ಟರು. ಮೊದಲ ಸಲ ನಾನು ಇದನ್ನು ಹೇಳುವುದನ್ನೇ ಮರೆತಿದ್ದೆ. ನೀವು ಹೋದರೆ ಮರೆಯಬೇಡಿ. ಆ ಯಂತ್ರ 3 ಟೆಸ್ಲಾದ್ದು. ಭೂಮಿಯ ಆಯಸ್ಕಾಂತ ಶಕ್ತಿಗಿಂತ ಸುಮಾರು 60,000 ಪಟ್ಟು. ಕಣ್ಣೊಳಗೆ ಸಣ್ಣ ಕಬ್ಬಿಣದ ಚೂರಿದ್ದರೂ ಅದು ಸರಿಯುತ್ತದೆ.

ಒಳಗೆ ಸದ್ದು ಬಹಳ. ಆಯಸ್ಕಾಂತದ ಒಳಗಿರುವ ತಂತಿಯ ಸುರುಳಿಗಳಿಗೆ ಕರೆಂಟು ಹಾಯಿಸಿ, ನಿಲ್ಲಿಸಿ, ಮತ್ತೆ ಹಾಯಿಸುತ್ತಾರೆ. ಅವು ಅದುರುವ ಸದ್ದು ಅದು. ಕಿವಿಗೆ ಬಿರಡೆ, ಅದರ ಮೇಲೆ ಹೆಡ್‌ಫೋನ್. ಎಕ್ಸ್‌ರೇಯಂಥ ವಿಕಿರಣ ಇದರಲ್ಲಿ ಇಲ್ಲ. ಮೈಯಲ್ಲಿರುವ ನೀರಿನ ಹೈಡ್ರೋಜನ್ ಕಣಗಳನ್ನು ಆಯಸ್ಕಾಂತ ಒಂದು ದಿಕ್ಕಿಗೆ ಸಾಲು ಮಾಡುತ್ತದೆ. ರೇಡಿಯೋ ಅಲೆ ಅವನ್ನು ತಟ್ಟುತ್ತದೆ. ಅವು ಮತ್ತೆ ಸಾಲಿಗೆ ಮರಳುವಾಗ ಕೊಡುವ ಸಣ್ಣ ಸುಳಿವಿನಿಂದ ಚಿತ್ರ ಮೂಡುತ್ತದೆ. ಜೀವನವೆಲ್ಲ ನೀರಿನ ಲೆಕ್ಕ ಬರೆದ ನನಗೆ, ಈ ಯಂತ್ರವೂ ನೀರನ್ನೇ ನೋಡುತ್ತಿದೆ ಎಂದು ತಿಳಿದಾಗ ಮೈ ಜುಮ್ಮೆಂದಿತು. ಕೊನೆಯ ಐದಾರು ನಿಮಿಷ ಕೈಗೆ ಗ್ಯಾಡೋಲಿನಿಯಂ ಔಷಧ ಹರಿಸಿದರು. ತೋಳಿನಲ್ಲಿ ತಣ್ಣಗೆ ಹರಿದುಹೋದ ಹಾಗಾಯಿತು. ಕಿಡ್ನಿ ಸರಿಯಿದೆಯಾ ಎಂದು ಮೊದಲೇ ರಕ್ತ ಪರೀಕ್ಷೆ ಮಾಡಿದ್ದರು.

ವರದಿ ಸಂಜೆ ಕೈಗೆ ಬಂತು. ಡಾಕ್ಟರ್ ಭೇಟಿ ಮರುದಿನ. ಆ ಒಂದು ರಾತ್ರಿ ನಾನು ವರದಿಯನ್ನು ನಾನೇ ಓದಿದೆ. ಅದೊಂದು ತಪ್ಪು. "ನಾಡ್ಯೂಲ್‌ಗಳು" ಎಂದಿತ್ತು, ಒಂದಲ್ಲ, ಹಲವು. ಗಂಟು ಅಂದರೆ ಕ್ಯಾನ್ಸರೇ ಎಂದು ತಿಳಿದೆ. ಅವತ್ತು ರಾತ್ರಿ ನಾಲ್ಕು ಸಲ ಏಳಬೇಕಾಗಿರಲಿಲ್ಲ, ನಾನು ಮಲಗಿರಲೇ ಇಲ್ಲ. ಹೆಂಡತಿ ಪಕ್ಕದಲ್ಲಿ ಕೂತು, "ನಿಮ್ಮ ನಕ್ಷೆಯನ್ನ ಬೇರೆಯವರು ಹೀಗೆ ತಪ್ಪಾಗಿ ಓದಿದ್ರೆ ನೀವು ಬೈತಿದ್ರಿ" ಎಂದಳು. ನಿಜ. ಗುರುತುಗಳ ಅರ್ಥ ಗೊತ್ತಿಲ್ಲದೆ ನಕ್ಷೆ ಓದಬಾರದು.

ಮರುದಿನ ಡಾಕ್ಟರ್ ಪರದೆಯ ಮೇಲೆ ಚಿತ್ರಗಳನ್ನು ಹಾಕಿದರು. ಮೊದಲು ಅಡ್ಡ ಕೊಯ್ದ ಚಿತ್ರ, ಆಮೇಲೆ ಮುಂದಿನಿಂದ, ಆಮೇಲೆ ಪಕ್ಕದಿಂದ. ಪ್ಲಾನ್, ಎಲಿವೇಶನ್, ಸೆಕ್ಷನ್! ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದನ್ನು ಬರೆಯುವಾಗಲೂ ಆ ಪರದೆ ಕಣ್ಣ ಮುಂದೆ ಇದೆ.

ಪ್ರಾಸ್ಟೇಟ್ ಒಂದೇ ಮುದ್ದೆಯಲ್ಲ, ಅದರಲ್ಲಿ ವಲಯಗಳಿವೆ. 1960ರ ದಶಕದ ಕೊನೆಯಿಂದ ಜಾನ್ ಮೆಕ್‌ನೀಲ್ ಎಂಬ ಅಮೆರಿಕದ ರೋಗಶಾಸ್ತ್ರಜ್ಞ ಗ್ರಂಥಿಯನ್ನು ಬೇರೆ ಬೇರೆ ದಿಕ್ಕಿನಲ್ಲಿ ಕೊಯ್ದು ನೋಡಿ ಈ ವಲಯಗಳನ್ನು ಗುರುತಿಸಿದರು. ಮೂತ್ರನಾಳದ ಅಕ್ಕಪಕ್ಕ ಇರುವುದು ನಡುವಿನ ವಲಯ. ಚಿಕ್ಕ ವಯಸ್ಸಿನಲ್ಲಿ ಅದು ಗ್ರಂಥಿಯ ಸುಮಾರು 5% ಅಷ್ಟೇ. ವಯಸ್ಸಾದ ಮೇಲೆ ಊದುವುದು ಇದೇ. ಹಿಂದೆ, ಗುದನಾಳದ ಕಡೆಗೆ ಇರುವುದು ಹೊರ ವಲಯ. ಸುಮಾರು 70% ಕ್ಯಾನ್ಸರ್ ಹುಟ್ಟುವುದು ಅಲ್ಲಿ. ನನ್ನ ಚಿತ್ರದಲ್ಲಿ ನಡುವಿನ ವಲಯ ಉಬ್ಬಿ, ಹೊರ ವಲಯವನ್ನು ಒತ್ತಿ ತೆಳ್ಳಗಿನ ಸಿಪ್ಪೆಯ ಹಾಗೆ ಮಾಡಿತ್ತು. ಎರಡರ ನಡುವೆ ಕಪ್ಪು ಗೆರೆ, ಪೆನ್ನಿನಲ್ಲಿ ಎಳೆದ ಹಾಗೆ.

ನಾನು ಹೆದರಿದ್ದ ಗಂಟುಗಳು ಆ ನಡುವಿನ ವಲಯದಲ್ಲಿದ್ದವು. ಕೆಲವು ಬಿಳಿ, ಕೆಲವು ಬೂದು, ಕೆಲವು ಕಪ್ಪು. ಗ್ರಂಥಿಯ ಅಂಶ ಜಾಸ್ತಿ ಇದ್ದರೆ ಬೆಳ್ಳಗೆ, ಸ್ನಾಯು ಮತ್ತು ನಾರಿನ ಅಂಶ ಜಾಸ್ತಿ ಇದ್ದರೆ ಕಪ್ಪಗೆ ಕಾಣುತ್ತವಂತೆ. "ನೋಡಿ, ಒಂದೊಂದಕ್ಕೂ ಸುತ್ತ ಬೇಲಿ ಹಾಕಿದ ಹಾಗೆ ಅಂಚಿದೆ. ವಯಸ್ಸಿಗೆ ಬರೋ ಊತ ಇದು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗೋದೂ ಇಲ್ಲ" ಎಂದರು. ಅನುಮಾನ ಎಷ್ಟಿದೆ ಎಂದು ಹೇಳಲು ರೇಡಿಯಾಲಜಿಸ್ಟ್‌ಗಳು ಪೈ-ರಾಡ್ಸ್ ಎಂಬ ಅಂಕ ಹಾಕುತ್ತಾರೆ. 1 ಅಂದರೆ ತುಂಬ ಕಮ್ಮಿ, 5 ಅಂದರೆ ತುಂಬ ಜಾಸ್ತಿ. ಈ ಪದ್ಧತಿ 2012ರಲ್ಲಿ ಬಂದದ್ದು, ಆಮೇಲೆ ಎರಡು ಸಲ ತಿದ್ದಿದ್ದಾರೆ. ನನಗೆ 2.

ಅಳತೆಯೂ ಇತ್ತು: 4.9, 4.4, 4.1 ಸೆಂಟಿಮೀಟರ್. ಮೂರನ್ನೂ ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಗಾತ್ರ ಬರುತ್ತದೆ. ಮೊಟ್ಟೆಯಾಕಾರದ ವಸ್ತುವಿನ ಲೆಕ್ಕ ಅದು. ನಾನು ಅಲ್ಲೇ ಮಾಡಿದೆ, 46 ಮಿಲಿ. ಪಿಎಸ್‌ಎ 5.4ನ್ನು 46ರಿಂದ ಭಾಗಿಸಿದರೆ 0.12. ಇದಕ್ಕೆ ಪಿಎಸ್‌ಎ ಸಾಂದ್ರತೆ ಅನ್ನುತ್ತಾರೆ. 0.15ಕ್ಕಿಂತ ಕಮ್ಮಿ ಇದ್ದು ಚಿತ್ರವೂ ಶುದ್ಧವಾಗಿದ್ದರೆ ಬಯಾಪ್ಸಿ ಬಿಟ್ಟು ಕಾಯಬಹುದು. ಎಂಆರ್‌ಐ ಕೂಡ ಕೆಲವನ್ನು ತಪ್ಪಿಸಿಕೊಳ್ಳುತ್ತದೆ, ಹಾಗಾಗಿ ಪಿಎಸ್‌ಎ ಆಗಾಗ ನೋಡುತ್ತಲೇ ಇರಬೇಕು ಎಂದೂ ಹೇಳಿದರು. ಆ ಮಾತನ್ನು ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಆಮೇಲೆ ಪಕ್ಕದಿಂದ ಕೊಯ್ದ ಚಿತ್ರ ಬಂತು. ನಾನು ಕುರ್ಚಿಯಿಂದ ಮುಂದೆ ಬಾಗಿದೆ.

ಮೇಲೆ ಮೂತ್ರಕೋಶ. ಖಾಲಿ ಮಾಡಿದ ಮೇಲೂ ಒಳಗೆ ಉಳಿದಿದ್ದ ನೀರಿನಿಂದ ಬೆಳ್ಳಗೆ ಹೊಳೆಯುತ್ತಿತ್ತು. ಕೆಳಗೆ ಪ್ರಾಸ್ಟೇಟ್. ಅದರ ನಡುವಿನಿಂದ ಒಂದು ಗಡ್ಡೆ ಮೇಲಕ್ಕೆ, ಮೂತ್ರಕೋಶದ ಒಳಗೇ ತಲೆ ಹಾಕಿತ್ತು. ಹೆಬ್ಬೆರಳಿನ ತುದಿಯ ಹಾಗೆ. ಸರಿಯಾಗಿ ನೀರು ಹೊರಡುವ ಬಾಯಿಯ ಹತ್ತಿರ. ಡಾಕ್ಟರ್ ಅಳೆದರು: 13 ಮಿಲಿಮೀಟರ್.

ನನಗೆ ತಕ್ಷಣ ಅರ್ಥವಾಯಿತು. ಟ್ಯಾಂಕಿನ ತಳದ ತೂಬಿಗೆ ಒಂದು ಚೆಂಡು ಇಟ್ಟ ಹಾಗೆ. ಮೂತ್ರಕೋಶ ಹಿಂಡಿದಾಗ ಆ ಗಡ್ಡೆ ಹೋಗಿ ಬಾಯಿಯ ಮೇಲೆ ಕೂರುತ್ತದೆ. ಜೋರಾಗಿ ತಿಣುಕಿದಷ್ಟೂ ಬಿಗಿಯಾಗಿ ಕೂರುತ್ತದೆ. ಎಂಟು ತಿಂಗಳು ನಾನು ನುಂಗಿದ ಮಾತ್ರೆ ಸ್ನಾಯುವನ್ನು ಸಡಿಲ ಮಾಡುತ್ತಿತ್ತು. ಚೆಂಡಿಗೆ ಅದು ಏನು ಮಾಡೀತು? ಈ ಚಾಚು 5 ಮಿಲಿಮೀಟರ್‌ವರೆಗೆ ಇದ್ದರೆ ಮೊದಲ ಹಂತ, 10ರವರೆಗೆ ಎರಡನೆಯದು, 10 ದಾಟಿದರೆ ಮೂರನೆಯದು. ಮೂರನೇ ಹಂತದವರಿಗೆ ಮಾತ್ರೆಯಿಂದ ಸಿಗುವ ಹಿತ ಕಮ್ಮಿ. ಅಣ್ಣನ 90 ಮಿಲಿ ಹೊರಗಡೆಗೆ ಬೆಳೆದಿರಬೇಕು, ದಾರಿ ಬಿಟ್ಟುಕೊಟ್ಟು. ನನ್ನ 46 ದಾರಿಯಲ್ಲೇ ಬೆಳೆದಿತ್ತು.

ಮೂತ್ರಕೋಶದ ಗೋಡೆಯೂ ದಪ್ಪಗಾಗಿತ್ತು. ಒಳಮೈ ನುಣುಪಾಗಿರದೆ ಹಗ್ಗ ಹೊಸೆದ ಹಾಗೆ ಏಣು ಏಣು. ವರ್ಷಗಟ್ಟಲೆ ಅಡ್ಡಿಯ ವಿರುದ್ಧ ಹಿಂಡಿ ಹಿಂಡಿ ಅದು ಹಾಗಾಗುತ್ತದೆ. ಅದನ್ನು ನೋಡಿ ನನಗೆ ನನ್ನ ಮೂತ್ರಕೋಶದ ಮೇಲೆ ಪಾಪ ಅನ್ನಿಸಿತು. ನಾನು ಹೆಂಡತಿಗೆ "ಎರಡು ಸಲ" ಎಂದು ಸುಳ್ಳು ಹೇಳುತ್ತಿದ್ದಾಗ ಅದು ಒಳಗೆ ಹೀಗೆ ದುಡಿಯುತ್ತಿತ್ತು. ಕಲ್ಲು ಕಟ್ಟಿರಲಿಲ್ಲ, ಗೋಡೆ ಹೊರಗೆ ಚೀಲದ ಹಾಗೆ ಜೋತುಬಿದ್ದಿರಲಿಲ್ಲ. ಅಷ್ಟು ತಡವಾಗಿರಲಿಲ್ಲ.

ಇದೇ ಚಿತ್ರ ಅಲ್ಟ್ರಾಸೌಂಡಿನಲ್ಲೂ ಕಾಣುತ್ತಿತ್ತಲ್ಲ ಎಂದು ಕೇಳಿದೆ. ಕಾಣುತ್ತದೆ, ಮೂತ್ರಕೋಶ ಒಂದಿಷ್ಟು ತುಂಬಿರುವಾಗ ಹುಡುಕಿ ಅಳೆದರೆ ಅಂದರು. ನನ್ನ ಮೊದಲ ವರದಿಯಲ್ಲಿ ಗಾತ್ರ ಬರೆದಿದ್ದರು, ಆಕಾರ ಬರೆದಿರಲಿಲ್ಲ. ಹಾಗಾಗಿ ಎಂಆರ್‌ಐ ಇಲ್ಲದೆ ಇದು ಗೊತ್ತಾಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಈಗ ಯಾರಾದರೂ ವರದಿ ತಂದು ತೋರಿಸಿದರೆ "ಚಾಚು ಎಷ್ಟಿದೆ ಅಂತ ಡಾಕ್ಟರನ್ನ ಕೇಳಿ" ಎಂದು ಹೇಳುತ್ತೇನೆ.

ಎಂಆರ್‌ಐ ಹೇಳದ ಒಂದು ಸಂಗತಿಯೂ ಇದೆ. ಧಾರೆ ಸಣ್ಣಗೆ ಬರಲು ಎರಡು ಕಾರಣ ಇರಬಹುದು: ದಾರಿಯಲ್ಲಿ ಅಡ್ಡಿ, ಇಲ್ಲವೇ ಪಂಪೇ ಸೊರಗಿದ್ದು. ಎರಡರಲ್ಲೂ ಕೊನೆಯ ನಲ್ಲಿಯಲ್ಲಿ ಕಾಣುವುದು ಒಂದೇ. ನಿಂತ ಚಿತ್ರಕ್ಕೆ ಪಂಪಿನ ಬಲ ಗೊತ್ತಾಗುವುದಿಲ್ಲ. ಅದಕ್ಕೆ ಒತ್ತಡ ಅಳೆಯಬೇಕು. ಸಣ್ಣ ನಳಿಕೆ ಹಾಕಿ, ಮೂತ್ರಕೋಶ ತುಂಬಿಸಿ, ಮೂತ್ರ ಮಾಡುವಾಗ ಒಳಗಿನ ಒತ್ತಡ ಎಷ್ಟು, ಹರಿವು ಎಷ್ಟು ಎಂದು ಒಟ್ಟಿಗೆ ನೋಡುವ ಪರೀಕ್ಷೆ ಮಾಡಿದರು. ಹಿತವಾದ ಅನುಭವವಲ್ಲ. ಒತ್ತಡ ಜೋರು, ಹರಿವು ಕಮ್ಮಿ ಎಂದು ಬಂತು. ಪಂಪ್ ಚೆನ್ನಾಗಿದೆ, ಅಡ್ಡಿ ತೆಗೆದರೆ ಸಾಕು. ನಾನು ಕೆಲಸದಲ್ಲಿ ಇದೇ ಪರೀಕ್ಷೆಯನ್ನು ಎಷ್ಟು ಸಲ ಮಾಡಿಸಿದ್ದೇನೋ.

ನಕ್ಷೆ ಕೈಗೆ ಬಂದ ಮೇಲೆ ದಾರಿಗಳು ತಾವಾಗಿ ಕಮ್ಮಿಯಾದವು. ಫಿನಾಸ್ಟರೈಡ್ ಎಂಬ ಮಾತ್ರೆ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಆದರೆ ಸುಮಾರು ಕಾಲುಭಾಗ ಮಾತ್ರ, ಅದಕ್ಕೂ ಆರು ತಿಂಗಳಾದರೂ ಬೇಕು. (ಇದನ್ನು ತೆಗೆದುಕೊಳ್ಳುವವರು ಒಂದು ನೆನಪಿಡಿ: ಅದು ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತದೆ. ರಕ್ತ ಪರೀಕ್ಷೆಯ ಅಂಕಿ ನೋಡುವ ಡಾಕ್ಟರಿಗೆ ಈ ಮಾತ್ರೆಯ ವಿಷಯ ಹೇಳಲೇಬೇಕು.) ಗ್ರಂಥಿಯನ್ನು ಎರಡೂ ಕಡೆಗೆ ಎಳೆದು ಕಟ್ಟುವ ಸಣ್ಣ ಚಿಕಿತ್ಸೆಯೊಂದಿದೆ. ನಡುವಿನಿಂದ ಹೀಗೆ ಚಾಚಿದವರಿಗೆ ಅದು ಅಷ್ಟು ಒಗ್ಗುವುದಿಲ್ಲ. 80 ಮಿಲಿ ದಾಟಿದ್ದರೆ ಲೇಸರಿನಿಂದ ಒಳತಿರುಳನ್ನೇ ಬಿಡಿಸಿ ತೆಗೆಯುವುದು ಮೇಲು. 46 ಮಿಲಿಗೆ, ಮೂತ್ರನಾಳದ ಮೂಲಕವೇ ಉಪಕರಣ ಹಾಕಿ ಕೆತ್ತಿ ತೆಗೆಯುವ ಹಳೆಯ ಟಿಯುಆರ್‌ಪಿ ಸಾಕು ಎಂದು ನಿರ್ಧಾರವಾಯಿತು.

ಒಂದು ವಿಷಯವನ್ನು ಅವರೇ ಮುಂದಾಗಿ ಹೇಳಿದರು. ಈ ಶಸ್ತ್ರಚಿಕಿತ್ಸೆಯ ನಂತರ ಬಹಳ ಜನರಿಗೆ ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹೋಗುತ್ತದೆ, ಅದು ಹಾಗೇ ಉಳಿಯುತ್ತದೆ. ಅದನ್ನು ಹೆಂಡತಿಯೂ ಕೂತಿದ್ದಾಗಲೇ ಹೇಳಿದರು. ಮೊದಲೇ ತಿಳಿದಿದ್ದು ಒಳ್ಳೆಯದಾಯಿತು.

ಶಸ್ತ್ರಚಿಕಿತ್ಸೆ ಒಂದು ಗಂಟೆಯೊಳಗೆ ಮುಗಿಯಿತು. ಮೂತ್ರ ಹೊರಹರಿಸುವ ನಳಿಕೆ, ಕ್ಯಾತಿಟರ್, ಎರಡು ದಿನ. ಕೆತ್ತಿದ ಚೂರುಗಳನ್ನೆಲ್ಲ ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಇಲ್ಲ ಎಂದು ಬಂತು. ಹತ್ತನೇ ದಿನ ಮೂತ್ರದಲ್ಲಿ ರಕ್ತ ಕಂಡು ಗಾಬರಿಯಾಯಿತು. ಒಳಗಿನ ಹಕ್ಕಳೆ ಉದುರುವಾಗ ಹಾಗಾಗುತ್ತದೆ, ನೀರು ಜಾಸ್ತಿ ಕುಡಿಯಿರಿ, ರಕ್ತ ಹೆಪ್ಪುಗಟ್ಟಿ ಬಂದರೆ ಅಥವಾ ಮೂತ್ರ ಕಟ್ಟಿದರೆ ಕೂಡಲೇ ಬನ್ನಿ ಎಂದರು. ಮೊದಲ ಆರು ವಾರ ಮೂತ್ರದ ಅವಸರ ಇದ್ದೇ ಇತ್ತು. ಆಮೇಲೆ ನಿಧಾನವಾಗಿ ಶಾಂತವಾಯಿತು. ಮೂರನೇ ತಿಂಗಳು ಯಂತ್ರದಲ್ಲಿ ಅಳೆದಾಗ ಸೆಕೆಂಡಿಗೆ 19 ಮಿಲಿ. ಒಳಗೆ ಉಳಿದದ್ದು 20. ಆ ಹಾಳೆಯ ಅಂಕ 21ರಿಂದ 5ಕ್ಕೆ ಇಳಿಯಿತು.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಭಾವ, ಅಕ್ಕನ ಗಂಡ, ಫೋನ್ ಮಾಡಿದರು. "ನಾನೂ ರಾತ್ರಿ ಮೂರು ಸಲ ಏಳ್ತೀನಪ್ಪಾ. ನಾನೂ ಎಂಆರ್‌ಐ ಮಾಡಿಸ್ತೀನಿ." ನನಗೆ ಸಂತೋಷವೇ ಆಯಿತು, ಕೊನೆಗೂ ಒಬ್ಬರು ಬಾಯಿ ಬಿಟ್ಟರಲ್ಲ ಎಂದು. ಆದರೆ ಹೇಳಿದೆ, "ಭಾವ, ಮೊದಲು ಮೂರು ದಿನ ಬರೆದಿಡಿ. ಒಂದು ಅಳತೆಯ ಲೋಟ ತಗೊಳ್ಳಿ. ಎಷ್ಟು ಗಂಟೆಗೆ, ಎಷ್ಟು ಮಿಲಿ, ಏನು ಕುಡಿದ್ರಿ, ಅಷ್ಟೇ ಬರೀರಿ. ಆ ಪುಸ್ತಕ ಹಿಡ್ಕೊಂಡು ಡಾಕ್ಟರ ಹತ್ರ ಹೋಗಿ."

ನನ್ನ ಹಳೆಯ ಪುಸ್ತಕದಲ್ಲಿ ರಾತ್ರಿ ಒಂದೊಂದು ಸಲಕ್ಕೂ 80, 90, 110 ಹೀಗಿತ್ತು. ಟ್ಯಾಂಕು ಖಾಲಿಯಾಗದೆ ಮತ್ತೆ ಮತ್ತೆ ಕರೆಯುತ್ತಿತ್ತು. ಭಾವ ಬರೆದದ್ದು ಬೇರೆಯೇ ಕಥೆ. ರಾತ್ರಿ 300, 280, 310, ಬೆಳಿಗ್ಗೆ ಎದ್ದ ಕೂಡಲೇ 250. ಇಡೀ ದಿನದ್ದು ಸೇರಿಸಿದರೆ 2000. ಅಂದರೆ ಅರ್ಧಕ್ಕಿಂತ ಜಾಸ್ತಿ ರಾತ್ರಿಯ ಪಾಲು. ವಯಸ್ಸಾದವರಲ್ಲಿ ಮೂರರಲ್ಲಿ ಒಂದು ಪಾಲು ದಾಟಿದರೇ ಅದು ರಾತ್ರಿ ಮೂತ್ರ ಹೆಚ್ಚು ತಯಾರಾಗುತ್ತಿದೆ ಎಂಬ ಸೂಚನೆ. ಅವರ ಧಾರೆ ಚೆನ್ನಾಗಿತ್ತು, ಪೂರ್ತಿ ಖಾಲಿಯೂ ಆಗುತ್ತಿತ್ತು. ದೋಷ ತೂಬಿನಲ್ಲಿರಲಿಲ್ಲ. ಮೇಲಿನಿಂದಲೇ ನೀರು ಜಾಸ್ತಿ ಬರುತ್ತಿತ್ತು.

ಡಾಕ್ಟರ್ ಆ ಪುಸ್ತಕ ನೋಡಿ ಸಕ್ಕರೆ ಪರೀಕ್ಷೆ ಮಾಡಿಸಿದರು, ಹೃದಯ ನೋಡಿಸಿದರು, ಸಂಜೆ ಕಾಲು ಊದುತ್ತದಾ ಎಂದು ಕೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಇವರು ಗೊರಕೆ ಹೊಡೀತಾರಾ?" ಅಂದರು. ಅಕ್ಕ ಮೂವತ್ತು ವರ್ಷದ ದೂರನ್ನೆಲ್ಲ ಅಲ್ಲೇ ಹೇಳಿದಳಂತೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ ಎಂದು ಗೊತ್ತಾಯಿತು. ಉಸಿರು ಕಟ್ಟಿದಾಗ ಹೃದಯಕ್ಕೆ ಒತ್ತಡ ಬೀಳುತ್ತದೆ, ಅದು ಒಂದು ಹಾರ್ಮೋನ್ ಬಿಡುತ್ತದೆ, ಆ ಹಾರ್ಮೋನ್ ಕಿಡ್ನಿಗೆ ಉಪ್ಪು, ನೀರು ಹೊರಹಾಕು ಎಂದು ಹೇಳುತ್ತದೆ. ಹಾಗಾಗಿ ರಾತ್ರಿ ಮೂತ್ರ. ಪ್ರಾಸ್ಟೇಟಿನ ಎಂಆರ್‌ಐಯಲ್ಲಿ ಇದು ಕಾಣುವ ಮಾತೇ ಇಲ್ಲ. ಈಗ ಮೂಗಿಗೆ ಗಾಳಿಯ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ.

ಬೆಳಿಗ್ಗೆ ಆರೂವರೆಗೆ ಅವರ ಫೋನ್ ಬರುತ್ತದೆ. ನಮಸ್ಕಾರ, ಕ್ಷೇಮ ಸಮಾಚಾರ ಏನೂ ಇಲ್ಲ.

"ಎಷ್ಟು?"

"ಒಂದು. ನಿಮ್ಮದು, ಭಾವ?"

"ನಂದೂ ಒಂದೇ ಕಣಯ್ಯಾ."